ಬೆಟ್ಟನಾಡಿನ ಸಾವಯವ ವೈನ್

ಎತ್ತರದ ತಂಪು ತೋಟಗಳಲ್ಲಿ ರಾಸಾಯನಿಕ ಗೊಬ್ಬರ, ಕೀಟನಾಶಕ, ಕಳೆನಾಶಕ ಯಾವುದನ್ನೂ ಹಾಕದೆ ಬೆಳೆದ ದ್ರಾಕ್ಷಿಯನ್ನು ಜಜ್ಜಿ, ಹುದುಗಿಸಿ ಮಾಡುವ ಪಾನೀಯ. ಕನ್ನಡ ಬೈಬಲಿನಲ್ಲಿ ವೈನಿನ ಹೆಸರು ದ್ರಾಕ್ಷಾರಸ. ಪೇಟೆಯಲ್ಲೂ ಸರ್ಕಾರದ ಕಾಗದದಲ್ಲೂ ವೈನ್ ಎಂಬ ಮಾತೇ ನಿಂತಿದೆ. ಕರ್ನಾಟಕದಲ್ಲಿ ವೈನ್ ದ್ರಾಕ್ಷಿ ಬೇಸಾಯದ ಒಂದು ಮುಖ್ಯ ನೆಲೆ ನಂದಿಬೆಟ್ಟದ ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಬಯಲು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಕೆಂಪುಮಣ್ಣಿನ ಸೀಮೆಯಲ್ಲಿ 1980ರ ದಶಕದಿಂದ ಯುರೋಪಿನ ವೈನ್ ದ್ರಾಕ್ಷಿ ಬೆಳೆಯುತ್ತಿದೆ.

ಕೊಡಚಾದ್ರಿ ಮತ್ತು ನಂದಿ

ಕುಂದಾಪುರದ ಪಕ್ಕದ ಕಡಲತಡಿಯ ಊರು ಕೋಟೇಶ್ವರವೂ ನಂದಿಬೆಟ್ಟವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡೂ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಹದಿಮೂರೂವರೆ ಡಿಗ್ರಿಯ ಆಸುಪಾಸು. ಕೋಟಿಲಿಂಗೇಶ್ವರನ ಕೆರೆದಂಡೆಯಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಸುಮಾರು 320 ಕಿಲೋಮೀಟರಿನಲ್ಲಿ ಅದು ನಂದಿಯ ಬಳಿ ಮುಟ್ಟುತ್ತದೆ. ಸೂರ್ಯ ಎರಡೂ ಕಡೆ ಒಂದೇ ಕೋನದಲ್ಲಿ ಏರುತ್ತಾನೆ, ಹಗಲಿನ ಉದ್ದವೂ ಒಂದೇ. ಆದರೂ ನಂದಿಯಲ್ಲಿ ಬೆಳೆಯುವ ಬಳ್ಳಿ ಕೋಟೇಶ್ವರದಲ್ಲಿ ಬೆಳೆಯುವುದಿಲ್ಲ.

ತಂಪು ಸಾಲದೆಂದು ಹಾಗಾಗಿದೆ ಎನ್ನುವಂತಿಲ್ಲ. ಕುಂದಾಪುರ ಸೀಮೆಯ ಬೆನ್ನಿಗೇ 1,343 ಮೀಟರ್ ಎತ್ತರದ ಕೊಡಚಾದ್ರಿ ನಿಂತಿದೆ. ನಂದಿಯ ತುದಿ 1,478 ಮೀಟರ್. ಎತ್ತರದಲ್ಲಿ ಎರಡೂ ಅಣ್ಣತಮ್ಮಂದಿರಂತಿದ್ದರೂ ಮಳೆಯಲ್ಲಿ ಸಂಬಂಧವೇ ಇಲ್ಲ. ಅರಬ್ಬಿ ಸಮುದ್ರದ ಮೇಲಿಂದ ಬರುವ ಮುಂಗಾರು ಮೋಡಗಳು ಘಟ್ಟ ಹತ್ತುವಾಗಲೇ ಭಾರ ಇಳಿಸುತ್ತವೆ. ಕರಾವಳಿಗೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಘಟ್ಟದ ನೆತ್ತಿಗೆ ಅದಕ್ಕಿಂತ ಹೆಚ್ಚು. ಘಟ್ಟ ದಾಟಿದ ಗಾಳಿಯಲ್ಲಿ ಉಳಿಯುವುದು ಅಲ್ಪ. ದೊಡ್ಡಬಳ್ಳಾಪುರದ ಬಯಲಿಗೆ ಸಿಗುವುದು ಸುಮಾರು 800 ಮಿಲಿಮೀಟರ್. ದ್ರಾಕ್ಷಿಗೆ ಬೇಕಾದದ್ದು ಒಣ ತಂಪು. ಎಲೆ ಬೇಗ ಆರಬೇಕು, ಗೊಂಚಲಿನ ನಡುವೆ ಗಾಳಿ ಆಡಬೇಕು, ಬೇರಿನ ಬುಡದಲ್ಲಿ ನೀರು ನಿಲ್ಲಬಾರದು. ಸಾವಯವ ಬೇಸಾಯದಲ್ಲಿ ಈ ಮಾತಿಗೆ ಇಮ್ಮಡಿ ತೂಕ. ಒದ್ದೆ ಎಲೆಯ ರೋಗಕ್ಕೆ ಸಾವಯವದವನ ಕೈಯಲ್ಲಿರುವ ಮದ್ದುಗಳು ಬೆರಳೆಣಿಕೆಯಷ್ಟು. ನಂದಿಯ ದ್ರಾಕ್ಷಿ ಬದುಕಿರುವುದು ಕೊಡಚಾದ್ರಿಯಂಥ ಬೆಟ್ಟಗಳು ಮಳೆಯನ್ನು ಮೊದಲೇ ತಡೆದುಕೊಂಡಿರುವುದರಿಂದ.

ಬೆಳೆ ಇಲ್ಲದಿದ್ದರೂ ವೈನ್ ಕರಾವಳಿಗೆ ಹೊಸತಲ್ಲ. ಕುಂದಾಪುರದ ಹೋಲಿ ರೋಸರಿ ಇಗರ್ಜಿಯ ಚರಿತ್ರೆ 1570ಕ್ಕೆ ಹೋಗುತ್ತದೆ. ಕ್ಯಾಥೊಲಿಕ್ ಬಲಿಪೂಜೆಗೆ ಶುದ್ಧ ದ್ರಾಕ್ಷಿಯ ವೈನೇ ಆಗಬೇಕೆಂಬುದು ಚರ್ಚಿನ ಕಟ್ಟಳೆ, ಬೇರೆ ಹಣ್ಣಿನದು ನಡೆಯುವುದಿಲ್ಲ. ಹೀಗೆ ಬಳ್ಳಿ ಬೆಳೆಯದ ಊರಿನಲ್ಲಿ ನಾಲ್ಕು ಶತಮಾನಗಳಿಂದ ವೈನಿಗೆ ಒಂದು ಸ್ಥಾನವಿದೆ. ಕ್ರಿಸ್‌ಮಸ್ ಹೊತ್ತಿಗೆ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಡುವ ಮನೆಗಳು ಕರಾವಳಿಯುದ್ದಕ್ಕೂ ಇವೆ. ಆ ದ್ರಾಕ್ಷಿ ಬರುವುದು ಘಟ್ಟದ ಮೇಲಿನಿಂದ.

ತಂಪಿನ ಅಳತೆ

ದ್ರಾಕ್ಷಿಸೀಮೆಗಳನ್ನು ಉಷ್ಣದ ಲೆಕ್ಕದಲ್ಲಿ ವಿಂಗಡಿಸುವ ಕ್ರಮವನ್ನು 1944ರಲ್ಲಿ ಕ್ಯಾಲಿಫೋರ್ನಿಯಾದ ಅಮೆರೀನ್ ಮತ್ತು ವಿಂಕ್ಲರ್ ಪ್ರಕಟಿಸಿದರು. ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ದಿನದಿನಕ್ಕೂ ಸಿಕ್ಕ ಉಷ್ಣವನ್ನು ಬೆಳೆಯ ಕಾಲವಿಡೀ ಕೂಡಿಸುತ್ತ ಹೋಗುವ ಲೆಕ್ಕ ಅದು. ಬೆಳೆಕಾಲದ ಸರಾಸರಿ ಉಷ್ಣತೆ 13ರಿಂದ 15 ಡಿಗ್ರಿ ಇದ್ದರೆ ಅದನ್ನು ತಂಪು ಸೀಮೆ ಎನ್ನುವ ಇನ್ನೊಂದು ವಿಂಗಡಣೆಯೂ ಬಳಕೆಯಲ್ಲಿದೆ. ಜರ್ಮನಿಯ ಮೋಸೆಲ್ ಕಣಿವೆ, ಫ್ರಾನ್ಸಿನ ಷಾಂಪೇನ್ ತಂಪು ಸೀಮೆಯ ಹೆಸರಾಂತ ಉದಾಹರಣೆಗಳು. ಅಲ್ಲಿ ತಂಪು ಬರುವುದು ಉತ್ತರದ ಅಕ್ಷಾಂಶದಿಂದ. ಉಷ್ಣವಲಯಕ್ಕೆ ಹತ್ತಿರದ ನಾಡುಗಳಲ್ಲಿ ಅದನ್ನು ಎತ್ತರದಿಂದ ಪಡೆಯಬೇಕು. ಅರ್ಜೆಂಟೀನಾದ ಸಾಲ್ಟಾ ಪ್ರಾಂತ್ಯದಲ್ಲಿ ಕೊಲೊಮೆ ಎಂಬ ಸಂಸ್ಥೆಯ ತೋಟವೊಂದು 3,111 ಮೀಟರ್ ಎತ್ತರದಲ್ಲಿದೆ. ಚೀನಾದ ಯುನ್ನಾನ್‌ನಲ್ಲಿ ಹಿಮಾಲಯದ ಮಗ್ಗುಲಿನ ತೋಟಗಳು 2,000 ಮೀಟರ್ ಮೀರಿವೆ.

ನೂರು ಮೀಟರ್ ಏರಿದರೆ ಉಷ್ಣತೆ ಸುಮಾರು 0.65 ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ದೊಡ್ಡಬಳ್ಳಾಪುರ ಕೋಟೇಶ್ವರಕ್ಕಿಂತ ಆರು ಡಿಗ್ರಿಯಷ್ಟು ತಂಪು. ಯುರೋಪಿನ ಅಳತೆಗೋಲು ಹಿಡಿದರೆ ನಂದಿಯ ತಪ್ಪಲು ಬೆಚ್ಚನೆಯ ಸೀಮೆಯೇ ಹೊರತು ತಂಪು ಸೀಮೆಯಲ್ಲ. ಬಾಟಲಿಯ ಮೇಲಿನ ಬೆಟ್ಟದ ಚಿತ್ರ ಏನೇ ಹೇಳಲಿ, ಈ ವ್ಯತ್ಯಾಸವನ್ನು ಮರೆಮಾಚಬಾರದು. ಇಲ್ಲಿನ ಗುಣ ಇರುವುದು ರಾತ್ರಿಯಲ್ಲಿ. ಡಿಸೆಂಬರ್, ಜನವರಿಗಳಲ್ಲಿ ಹಗಲು 27 ಡಿಗ್ರಿ ಮುಟ್ಟಿದರೂ ರಾತ್ರಿ 15ಕ್ಕೆ ಇಳಿಯುತ್ತದೆ. ಹಣ್ಣು ಹಗಲಲ್ಲಿ ಸಕ್ಕರೆ ತುಂಬಿಕೊಳ್ಳುತ್ತದೆ. ಸೆಕೆಯ ರಾತ್ರಿಯಾದರೆ ಅದರೊಳಗಿನ ಮ್ಯಾಲಿಕ್ ಆಮ್ಲ ಉಸಿರಾಟದಲ್ಲೇ ಖರ್ಚಾಗಿ ಹೋಗುತ್ತದೆ, ತಂಪು ರಾತ್ರಿಯಲ್ಲಿ ಉಳಿಯುತ್ತದೆ. ಆ ಹುಳಿಯಿಲ್ಲದ ವೈನ್ ಚಪ್ಪೆ, ಬಹುಕಾಲ ಬಾಳುವುದೂ ಇಲ್ಲ.

ಕತ್ತರಿಯೇ ಚಳಿಗಾಲ

ಫ್ರಾನ್ಸಿನ ಬಳ್ಳಿ ಹಿಮ ಬಿದ್ದಾಗ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಎಲ್ಲ ಕಣ್ಣುಗಳೂ ಒಟ್ಟಿಗೆ ಒಡೆಯುತ್ತವೆ. ನಂದಿಯಲ್ಲಿ ಹಿಮವಿಲ್ಲ, ಬಳ್ಳಿಗೆ ನಿದ್ದೆಯೂ ಇಲ್ಲ. ಬಿಟ್ಟರೆ ಅದು ವರ್ಷವಿಡೀ ಹಸಿರಾಗಿ ಹಬ್ಬುತ್ತಲೇ ಇರುತ್ತದೆ, ತುದಿಯ ಕಣ್ಣುಗಳು ಮಾತ್ರ ಚಿಗುರಿ ಬುಡದವು ಸುಮ್ಮನಿದ್ದುಬಿಡುತ್ತವೆ. ಹಾಗಾಗಿ ಇಲ್ಲಿ ಬಳ್ಳಿಗೆ ಚಳಿಗಾಲವನ್ನು ಕೊಡುವವನು ಕತ್ತರಿ ಹಿಡಿದ ಮನುಷ್ಯ. ವರ್ಷಕ್ಕೆ ಎರಡು ಬಾರಿ ಸವರಬೇಕು. ವಿಜಯಪುರ, ಬೆಳಗಾವಿ ಕಡೆಯ ರೈತರ ಬಾಯಲ್ಲಿ ಇದು ‘ಚಾಟನಿ’. ಕೊಯ್ಲಾದ ಮೇಲೆ ಏಪ್ರಿಲ್‌ನಲ್ಲಿ ಮಾಡುವುದು ಕಡ್ಡಿ ಬೆಳೆಸಲು, ಮಳೆಗಾಲದ ಕೊನೆಗೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮಾಡುವುದು ಹಣ್ಣಿಗೆ. ಯುರೋಪಿನ ತಳಿಗಳಿಗೆ ಎರಡು ಚಾಟನಿ, ಒಂದೇ ಬೆಳೆ.

ಚಾಟನಿಯಾದ ಬಳ್ಳಿಯನ್ನು ಹತ್ತಿರ ನಿಂತು ನೋಡಬೇಕು. ಕತ್ತರಿಸಿದ ಕಡ್ಡಿಯ ಮುಖದಲ್ಲಿ ಸ್ವಲ್ಪ ಹೊತ್ತಿಗೆ ತಿಳಿನೀರಿನಂಥ ಹನಿ ಮೂಡುತ್ತದೆ, ತುಂಬಿ ತೊಟ್ಟಿಕ್ಕುತ್ತದೆ, ಮತ್ತೆ ಮೂಡುತ್ತದೆ. ಬೇರು ಎಚ್ಚರವಾಗಿದೆ, ಕೆಳಗಿನಿಂದ ರಸ ಒತ್ತುತ್ತಿದೆ ಎಂಬುದಕ್ಕೆ ಇದೇ ಗುರುತು. ಸಾಮಾನ್ಯ ತೋಟಗಳಲ್ಲಿ ಈ ಹೊತ್ತಿಗೆ ಕಣ್ಣುಗಳಿಗೆ ಹೈಡ್ರೋಜನ್ ಸಯನಮೈಡ್ ಬಳಿಯುತ್ತಾರೆ. ಅದು ಎಲ್ಲ ಕಣ್ಣುಗಳನ್ನೂ ಒಟ್ಟಿಗೆ ಎಬ್ಬಿಸುವ ರಾಸಾಯನಿಕ, ಬಳಿಯುವವರ ಚರ್ಮಕ್ಕೂ ಶ್ವಾಸಕ್ಕೂ ಕೇಡು ಮಾಡುವ ವಿಷ. ಸಾವಯವದಲ್ಲಿ ಅದಕ್ಕೆ ಎಡೆಯಿಲ್ಲ. ಬೆಳ್ಳುಳ್ಳಿಯ ರಸ ಬಳಿದು ಕಣ್ಣು ಒಡೆಸುವ ಪ್ರಯೋಗಗಳು ಜಪಾನಿನಲ್ಲಿ ನಡೆದಿವೆ. ಉಳಿದಂತೆ ಕಡ್ಡಿಯನ್ನು ಬಗ್ಗಿಸಿ ಕಟ್ಟುವುದು, ನೀರು ಕಡಿಮೆ ಮಾಡಿ ಬಳ್ಳಿಯನ್ನು ತಡೆದು ನಿಲ್ಲಿಸುವುದು ಇಂಥ ಕೈಕೆಲಸವೇ ದಾರಿ. ನಮ್ಮ ಬಯಲಿನಲ್ಲಿ ಸಾವಯವದ ನಿಜವಾದ ತೊಡಕು ಇಲ್ಲಿ, ಈ ಇಲ್ಲದ ಚಳಿಗಾಲದಲ್ಲಿ ಇದೆ. ಗೊಬ್ಬರದ ಮಾತು ಅದಕ್ಕಿಂತ ಸುಲಭ.

ಮೈಲುತುತ್ತಿನ ಕತೆ

ದ್ರಾಕ್ಷಿಯನ್ನು ಕಾಡುವ ರೋಗಗಳಲ್ಲಿ ಬೂಜು ರೋಗ, ಬೂದಿ ರೋಗ, ಚಿಬ್ಬು ರೋಗ ಮುಖ್ಯವಾದವು. ಮೂರೂ ಶಿಲೀಂಧ್ರ ಅಥವಾ ಅದನ್ನು ಹೋಲುವ ಜೀವಿಗಳಿಂದ ಬರುವಂಥವು. ಇವುಗಳಲ್ಲಿ ಬೂಜು ರೋಗದ ಮದ್ದು ಕುಂದಾಪುರ, ಬೈಂದೂರಿನ ಅಡಿಕೆ ತೋಟದವರಿಗೆ ಮನೆಮಾತು.

1882ರಲ್ಲಿ ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಲಾರ್ಡೆ ಮೆಡಾಕ್ ಸೀಮೆಯ ತೋಟಗಳ ನಡುವೆ ಹೋಗುತ್ತಿದ್ದಾಗ ಬೂಜು ರೋಗ ಎಲೆಗಳನ್ನೆಲ್ಲ ಉದುರಿಸಿತ್ತು. ರಸ್ತೆಯ ಅಂಚಿನ ಸಾಲುಗಳು ಮಾತ್ರ ಹಸಿರಾಗಿದ್ದವು. ಹಾದಿಹೋಕರು ಹಣ್ಣು ಕೀಳದಿರಲೆಂದು ರೈತರು ಆ ಸಾಲುಗಳಿಗೆ ಮೈಲುತುತ್ತು, ಸುಣ್ಣ ಕಲಸಿ ಎರಚಿದ್ದರು. ಎಲೆಯ ಮೇಲಿನ ನೀಲಿ ಕಲೆ ಕಂಡರೆ ಯಾರೂ ಹಣ್ಣಿಗೆ ಕೈಹಾಕುತ್ತಿರಲಿಲ್ಲ. ಕಳ್ಳರಿಗೆ ಹಾಕಿದ್ದು ರೋಗವನ್ನೂ ದೂರವಿಟ್ಟಿತ್ತು. ಮಿಲಾರ್ಡೆ ತನ್ನ ಸಹೋದ್ಯೋಗಿ ಗಯೋನ್ ಜೊತೆ ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದ. ಊರಿನ ಹೆಸರೇ ಮದ್ದಿಗೆ ನಿಂತಿತು, ಬೋರ್ಡೊ ದ್ರಾವಣ.

ಅದೇ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್. 1908ರಲ್ಲಿ ಮೈಸೂರಿಗೆ ಬಂದ ಅವರು 1910ರಲ್ಲಿ ಕೊಳೆರೋಗದ ಕುರಿತು ವಿವರವಾದ ಬರಹ ಪ್ರಕಟಿಸಿದರು. ಇವತ್ತೂ ಮಳೆಗಾಲದ ಆರಂಭದಲ್ಲಿ ಕೊನೆಗಳಿಗೆ ಮದ್ದು ಬಿಡುವುದೆಂದರೆ ಇದೇ ಮದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆ ಕರಗಿಸಬೇಕು, ತುತ್ತಿನ ನೀರಿಗೆ ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಕಲಸಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ತೆಗೆಯಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಹೊಳಪು ಹಾಗೇ ಉಳಿದರೆ ಮದ್ದು ಹದವಾಯಿತು. ದ್ರಾಕ್ಷಿ ತೋಟದವರೂ ಅಡಿಕೆ ತೋಟದವರೂ ಇದೇ ಪರೀಕ್ಷೆ ಮಾಡುತ್ತಾರೆ. ಸಾವಿರಾರು ಮೈಲಿಯಾಚೆಯ ದ್ರಾಕ್ಷಿಯ ಮದ್ದು ನಮ್ಮ ಅಡಿಕೆಯನ್ನು ನೂರು ವರ್ಷದಿಂದ ಕಾಯುತ್ತಿದೆಯೆಂಬುದು ಬರೆಯುವಾಗಲೂ ಸಂತೋಷ ಕೊಡುವ ಸಂಗತಿ.

ಸಾವಯವದ ನಿಯಮಗಳು ತಾಮ್ರ, ಗಂಧಕ ಎರಡನ್ನೂ ಒಪ್ಪುತ್ತವೆ, ತಾಮ್ರಕ್ಕೆ ಮಿತಿ ಇದೆ. ಅದು ಮಣ್ಣಿನಲ್ಲಿ ಕರಗಿಹೋಗುವುದಿಲ್ಲ, ವರ್ಷವರ್ಷಕ್ಕೂ ಸೇರುತ್ತ ಹೋಗಿ ಎರೆಹುಳಕ್ಕೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಮಾರಕವಾಗುತ್ತದೆ. ಯುರೋಪಿನ ಒಕ್ಕೂಟ 2019ರಿಂದ ಏಳು ವರ್ಷದ ಅವಧಿಗೆ ಹೆಕ್ಟೇರಿಗೆ ಒಟ್ಟು 28 ಕಿಲೋ ಲೋಹರೂಪದ ತಾಮ್ರವನ್ನಷ್ಟೇ ಒಪ್ಪಿತು. ಒಂದು ಕಿಲೋ ಮೈಲುತುತ್ತಿನಲ್ಲಿ ತಾಮ್ರ ಕಾಲು ಕಿಲೋ. ಮಳೆ ಹೆಚ್ಚಿದಷ್ಟೂ ಮದ್ದು ತೊಳೆದುಹೋಗುತ್ತದೆ, ತೊಳೆದಷ್ಟೂ ಮತ್ತೆ ಬಿಡಬೇಕು. ಒಣ ತಂಪಿನ ಬೆಲೆ ತಿಳಿಯುವುದು ಈ ಲೆಕ್ಕದಲ್ಲಿ. ನಂದಿಯ ಹಣ್ಣು ಬಲಿಯುವುದು ಮಳೆ ನಿಂತ ನವೆಂಬರಿನಿಂದ ಮಾರ್ಚ್‌ವರೆಗೆ. ಆತಂಕದ ಕಾಲ ಚಾಟನಿಯ ಬೆನ್ನಿಗಿರುವ ಕೆಲವು ವಾರಗಳು. ಆಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಜಡಿಮಳೆ ಹಿಡಿದರೆ ಎಳೆ ಚಿಗುರಿನ ಮೇಲೆ ಬೂಜು ಕೂರುತ್ತದೆ.

ಹುಳ, ಮಣ್ಣು

ಬೆಂಗಳೂರಿನ ಸುತ್ತಿನ ದ್ರಾಕ್ಷಿಗೆ ಹಿಟ್ಟು ತಿಗಣೆಯ ಕಾಟ ಹಳೆಯದು. ಗೊಂಚಲಿನೊಳಗೆ ಬಿಳಿ ಹಿಟ್ಟಿನಂತೆ ಕೂತು ರಸ ಹೀರುವ ಈ ಕೀಟದ ಮೇಣದ ಹೊದಿಕೆಗೆ ಸಿಂಪಡಿಸಿದ ವಿಷ ಸರಿಯಾಗಿ ತಾಗುವುದೂ ಇಲ್ಲ. ಇದನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಆಸ್ಟ್ರೇಲಿಯಾ ಮೂಲದ ದುಂಬಿಯನ್ನು 1898ರಲ್ಲಿ ಕಾಫಿಯ ಶಲ್ಕ ಕೀಟಕ್ಕೆಂದು ಭಾರತಕ್ಕೆ ತರಲಾಗಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ದ್ರಾಕ್ಷಿ ತೋಟಗಳಲ್ಲಿ ಬಿಟ್ಟು ಯಶಸ್ಸು ಕಂಡಿತು. ದುಂಬಿಯ ಮರಿಯೂ ಬಿಳಿ ಮೇಣ ಹೊದ್ದು ತಿಗಣೆಯಂತೆಯೇ ಕಾಣುತ್ತದೆ. ಗೊತ್ತಿಲ್ಲದವರು ಶತ್ರುವೆಂದು ಅದನ್ನೇ ಹೊಸಕಿಹಾಕುವುದುಂಟು. ಗಾತ್ರ ದೊಡ್ಡದು, ನಡಿಗೆ ಚುರುಕು, ಇದನ್ನು ನೋಡಿ ಗುರುತಿಸಬೇಕು.

ಗೊಬ್ಬರಕ್ಕೆ ಕೊಟ್ಟಿಗೆ ಗೊಬ್ಬರ, ಹೊಂಗೆ ಹಿಂಡಿ, ಬೇವಿನ ಹಿಂಡಿ. ಸಾಲುಗಳ ನಡುವೆ ಸೆಣಬು, ಅಲಸಂದೆ, ಹುರುಳಿ ಬಿತ್ತಿ ಹೂವಿನ ಹೊತ್ತಿಗೆ ಮಣ್ಣಿಗೆ ಸೇರಿಸುತ್ತಾರೆ. ಬಹುವಾರ್ಷಿಕ ಬೆಳೆಯಾದ್ದರಿಂದ ರಾಸಾಯನಿಕ ಬಿಟ್ಟ ಮೂರು ವರ್ಷಕ್ಕೆ ತೋಟಕ್ಕೆ ಸಾವಯವದ ಮುದ್ರೆ ಸಿಗುತ್ತದೆ. ಆ ಮೂರು ವರ್ಷ ಇಳುವರಿ ಕಡಿಮೆ, ಬೆಲೆ ಮಾಮೂಲಿ. ರೈತ ಕೈಬಿಡುವುದು ಸಾಮಾನ್ಯವಾಗಿ ಈ ನಡುಗಾಲದಲ್ಲಿ.

ತಳಿಗಳು, ಚರಿತ್ರೆ

ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಪೇಟೆಯಲ್ಲಿ ಪಣಕ್ಕೆ ಮೂರು ಗೊಂಚಲಿನಂತೆ ದ್ರಾಕ್ಷಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಂದರೆ ಹಣ್ಣು ನಾಡಿಗೆ ಹಳೆಯದು. ಆಯುರ್ವೇದದ ದ್ರಾಕ್ಷಾರಿಷ್ಟವೂ ಹುದುಗಿಸಿ ಮಾಡುವ ದ್ರಾಕ್ಷಿಯ ಔಷಧವೇ, ಅದರ ಹುದುಗಿಗೆ ಧಾತಕಿ ಹೂ ಬಳಸುತ್ತಾರೆ.

ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ರೈತರ ದ್ರಾಕ್ಷಿಯೆಂದರೆ ಬೆಂಗಳೂರು ಬ್ಲೂ. ಇದು ಅಮೆರಿಕ ಮೂಲದ ಇಸಾಬೆಲ್ಲಾ ತಳಿಯ ಬಳಗದ್ದು. ದಪ್ಪ ಸಿಪ್ಪೆ, ಕಡುನೀಲಿ ಬಣ್ಣ, ದೂರಕ್ಕೇ ಗೊತ್ತಾಗುವ ಘಾಟು ಪರಿಮಳ. ಚಿಬ್ಬು ರೋಗಕ್ಕೆ ಜಗ್ಗುವುದಿಲ್ಲ, ಬೂಜಿಗೆ ಮಾತ್ರ ತುತ್ತಾಗುತ್ತದೆ. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಇಸಾಬೆಲ್ಲಾದ ವೈನನ್ನು ಫ್ರಾನ್ಸ್ 1930ರ ದಶಕದಲ್ಲೇ ನಿಷೇಧಿಸಿತು. ಆ ಪರಿಮಳ ಅವರ ನಾಲಿಗೆಗೆ ಒಗ್ಗದು. ನಮ್ಮ ಅಗ್ಗದ ಸಿಹಿ ವೈನುಗಳ ಆಧಾರ ಇದೇ ಹಣ್ಣು, ಕರಾವಳಿಯ ಕ್ರಿಸ್‌ಮಸ್ ಭರಣಿಗೂ ಹೆಚ್ಚಾಗಿ ಹೋಗುವುದು ಇದೇ. ಹೆಸರಘಟ್ಟದ ಸಂಸ್ಥೆ ಇದನ್ನು ಬೇರೆ ತಳಿಗಳೊಂದಿಗೆ ಕೂಡಿಸಿ ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ತಳಿಗಳನ್ನು ವೈನಿಗೆಂದೇ ರೂಪಿಸಿತು. ಸಾವಯವಕ್ಕೆ ಗಟ್ಟಿ ತಳಿಯೇ ಬುನಾದಿಯಾದ್ದರಿಂದ ಈ ಕೆಲಸಕ್ಕೆ ಸಿಕ್ಕಿರುವುದಕ್ಕಿಂತ ಹೆಚ್ಚಿನ ಗಮನ ಸಲ್ಲಬೇಕು.

ಯುರೋಪಿನ ತಳಿಗಳನ್ನು ನಂದಿಯ ತಪ್ಪಲಿಗೆ ತಂದವರು ಉದ್ಯಮಿ ಕನ್ವಲ್ ಗ್ರೋವರ್. 1980ರ ದಶಕದ ಆರಂಭದಲ್ಲಿ ಷಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಜೊತೆಗೂಡಿ ತಳಿಗಳನ್ನು ನೆಟ್ಟು ನೋಡಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನ್‌ಯಾರ್ಡ್ಸ್ ಕಟ್ಟಿದರು. ಕಬರ್ನೆ ಸುವಿನ್ಯೋನ್, ಶಿರಾಜ್, ವಿಯೋನಿಯೆ ಇಲ್ಲಿ ನೆಲೆಯೂರಿದ ತಳಿಗಳು. 1990ರ ದಶಕದಲ್ಲಿ ಬೋರ್ಡೊದ ಮಿಷೆಲ್ ರೋಲಾನ್ ಸಲಹೆಗಾರರಾದರು. 2012ರಲ್ಲಿ ನಾಶಿಕದ ಸಂಸ್ಥೆಯೊಂದಿಗೆ ಸೇರಿ ಅದು ಗ್ರೋವರ್ ಝಂಪಾ ಆಯಿತು. ಹಂಪಿಯ ಬೆಟ್ಟಗಳ ನಡುವೆ ಕೃಷ್ಮಾ ಎಸ್ಟೇಟ್ಸ್ ತೋಟವಿದೆ. ಪಾಯಸ್ ದ್ರಾಕ್ಷಿ ಕಂಡ ಸೀಮೆ ಅದು. ರಾಜ್ಯ ಸರ್ಕಾರ 2004ರಲ್ಲಿ ದೇಶದಲ್ಲೇ ಮೊದಲ ಸಾವಯವ ಕೃಷಿ ನೀತಿಯನ್ನೂ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಮೊದಲನೆಯದು ಕೃಷಿಯ ಕಡೆಯಿಂದ, ಎರಡನೆಯದು ಉದ್ಯಮದ ಕಡೆಯಿಂದ ಬಂದದ್ದರಿಂದ ಎರಡೂ ಒಂದೇ ತೋಟದಲ್ಲಿ ಕೂಡಿದ್ದು ವಿರಳ.

ಹುದುಗು

ತೆಂಗಿನ ಮರದಿಂದ ಇಳಿಸಿದ ಕಳ್ಳು ಬೆಳಗ್ಗೆ ಸಿಹಿಯಾಗಿದ್ದು ಸಂಜೆಗೆ ಹುಳಿಯುವುದನ್ನು ಕಂಡವರಿಗೆ ವೈನಿನ ತತ್ವ ಬಿಡಿಸಿ ಹೇಳಬೇಕಿಲ್ಲ. ಗಾಳಿಯಲ್ಲಿ, ಮಡಕೆಯಲ್ಲಿ, ಹಣ್ಣಿನ ಸಿಪ್ಪೆಯ ಮೇಲೆ ಇರುವ ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡಾಗಿಯೂ ಒಡೆಯುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಮದ್ಯಸಾರ ಶೇಕಡಾ 1ರಷ್ಟು ಏರುತ್ತದೆ. ಒಂದು ಬಾಟಲಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಹಣ್ಣು ಬೇಕು.

ಕೆಂಪು ವೈನಿಗೆ ಹಣ್ಣನ್ನು ಜಜ್ಜಿ ಸಿಪ್ಪೆ, ಬೀಜ ಸಮೇತ ಹುದುಗಿಸುತ್ತಾರೆ, ಬಣ್ಣ ಇರುವುದು ಸಿಪ್ಪೆಯಲ್ಲಿ. ಎರಡನೆಯ ದಿನಕ್ಕೆ ತೊಟ್ಟಿಯೊಳಗಿನಿಂದ ಸಣ್ಣಗೆ ಸಿಳ್ಳಿನಂಥ ಸದ್ದು ಏಳುತ್ತದೆ, ಸಿಪ್ಪೆಗಳೆಲ್ಲ ಮೇಲೆ ತೇಲಿ ದಪ್ಪ ಮುಚ್ಚಳದಂತೆ ಕಟ್ಟುತ್ತವೆ. ಅದನ್ನು ದಿನಕ್ಕೆ ಎರಡು ಮೂರು ಬಾರಿ ಒಳಕ್ಕೆ ಒತ್ತಬೇಕು. ಇಲ್ಲವಾದರೆ ಮೇಲೆ ಒಣಗಿ ವಿನೆಗರಿನ ಹುಳಿ ಹತ್ತುತ್ತದೆ. ಬಿಳಿ ವೈನಿಗೆ ಮೊದಲೇ ರಸ ಹಿಂಡಿ 12ರಿಂದ 18 ಡಿಗ್ರಿಯ ತಂಪಿನಲ್ಲಿ ನಿಧಾನಕ್ಕೆ ಹುದುಗಿಸುತ್ತಾರೆ. ನಮ್ಮ ಮಾರ್ಚ್ ತಿಂಗಳಲ್ಲಿ ಈ ತಂಪು ವಿದ್ಯುತ್ತಿನಿಂದಲೇ ಬರಬೇಕು. ಹಣ್ಣನ್ನು ನಸುಕಿನಲ್ಲಿ ಕೊಯ್ಯುವುದು ಆ ಖರ್ಚನ್ನು ಸ್ವಲ್ಪ ಇಳಿಸಲು.

ಗಂಧಕದ ಡೈಆಕ್ಸೈಡ್ ಕುರಿತು ತಪ್ಪು ತಿಳಿವಳಿಕೆ ಬಹಳ. ಸಾವಯವ ವೈನಿನಲ್ಲಿ ಅದು ಇರುವುದೇ ಇಲ್ಲವೆಂದು ಹಲವರು ನಂಬಿದ್ದಾರೆ. ಹುದುಗುವಾಗ ಯೀಸ್ಟು ತಾನೇ ಅದನ್ನು ಅಲ್ಪ ಪ್ರಮಾಣದಲ್ಲಿ ಉತ್ಪಾದಿಸುತ್ತದೆ. ಯುರೋಪಿನ 2012ರ ನಿಯಮದಂತೆ ಸಾವಯವದ ಒಣ ಕೆಂಪು ವೈನಿನಲ್ಲಿ ಲೀಟರಿಗೆ 100, ಬಿಳಿಯದರಲ್ಲಿ 150 ಮಿಲಿಗ್ರಾಂವರೆಗೆ ಇರಬಹುದು. ಸಾಮಾನ್ಯ ವೈನಿಗೆ ಈ ಮಿತಿ ಕ್ರಮವಾಗಿ 150 ಮತ್ತು 200. ಅಮೆರಿಕದ ನಿಯಮ ಇನ್ನೂ ಬಿಗಿ, ‘ಸಾವಯವ ವೈನ್’ ಎಂದು ಬರೆಯಬೇಕಾದರೆ ಹೊರಗಿನಿಂದ ಗಂಧಕ ಸೇರಿಸುವಂತೆಯೇ ಇಲ್ಲ. ಭಾರತದಲ್ಲಿ ಸಾವಯವ ದೃಢೀಕರಣ 2001ರಲ್ಲಿ ಆರಂಭವಾದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಡಿ ನಡೆಯುತ್ತದೆ. ಮನೆಯ ಭರಣಿಯ ವೈನಿಗೆ ‘ಕೆಮಿಕಲ್ ಇಲ್ಲದ್ದು’ ಎಂಬ ಹೆಮ್ಮೆ ಸಲ್ಲುತ್ತದಾದರೂ ಪೇಟೆಯಿಂದ ತಂದ ಹಣ್ಣಿನ ಮೇಲಿನ ಕೀಟನಾಶಕ ಹುದುಗಿದ ಮಾತ್ರಕ್ಕೆ ಪೂರ್ತಿ ಮಾಯವಾಗುವುದಿಲ್ಲ. ಸಾವಯವ ಎಂಬ ಮಾತು ಭರಣಿಗಿಂತ ಮೊದಲು ತೋಟಕ್ಕೆ ಅನ್ವಯಿಸಬೇಕು.

ನೀರು, ನೆಲ

ನಂದಿಯ ಸುತ್ತ ಈಗ ಕೊರತೆಯಿರುವುದು ನೀರಿಗೆ. ಚಿಕ್ಕಬಳ್ಳಾಪುರ, ಕೋಲಾರದ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಇಲ್ಲಿನ ಕೆರೆಗಳಿಗೆ ಹರಿಸುವ ಯೋಜನೆ ಅಂತರ್ಜಲ ಏರಿಸಲು ಬಂದದ್ದು. ಆ ನೀರು ತೋಟದ ಬಾವಿಗೆ ಇಳಿದಾಗ ಅದರ ಗುಣವನ್ನು ಪದೇಪದೇ ಪರೀಕ್ಷಿಸುವುದು ಸಾವಯವ ಬೆಳೆಗಾರನಿಗೆ ಅನಿವಾರ್ಯ. ಬರವನ್ನೂ ಉಪ್ಪುನೀರನ್ನೂ ತಾಳಿಕೊಳ್ಳುವ ಡಾಗ್‌ರಿಡ್ಜ್ ಎಂಬ ಬೇರುಸಸಿಯ ಮೇಲೆ ಕಸಿ ಕಟ್ಟುವುದು, ಹನಿ ನೀರಾವರಿ, ಬುಡಕ್ಕೆ ಒಣಹುಲ್ಲಿನ ಮುಚ್ಚಿಗೆ ಈಗ ರೂಢಿಯಾಗಿವೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನೆಲದ ಬೆಲೆ ಏರಿ, ಚಪ್ಪರಗಳಿದ್ದ ಎಷ್ಟೋ ಹೊಲಗಳು ನಿವೇಶನಗಳಾದವು.

ಏಪ್ರಿಲ್‌ನಲ್ಲಿ ಗುಡುಗು ಸಹಿತ ಆಲಿಕಲ್ಲು ಬೀಳುವುದು ಈ ಸೀಮೆಗೆ ಹೊಸತಲ್ಲ. ಅಷ್ಟರೊಳಗೆ ಹಣ್ಣು ತೊಟ್ಟಿ ಸೇರಿರಬೇಕು. ಕೊಯ್ಲು ಮುಗಿದ ಬಳ್ಳಿಗೆ ಕೆಲವು ವಾರ ಬಿಡುವು ಕೊಟ್ಟು ಮತ್ತೆ ಕತ್ತರಿ ಹಿಡಿಯುತ್ತಾರೆ. ಆ ಚಾಟನಿಯ ಚಿಗುರು ಕಡ್ಡಿಯಾಗಿ ಬಲಿಯುವ ಜೂನ್ ಹೊತ್ತಿಗೆ ಮುಂಗಾರು ಕೋಟೇಶ್ವರದ ಕಡಲತಡಿಗೆ ಬಂದಿರುತ್ತದೆ, ಅಲ್ಲಿನ ಅಡಿಕೆ ತೋಟಗಳಲ್ಲಿ ಕೊಳೆಯ ಮದ್ದಿಗೆ ಮೈಲುತುತ್ತು ನೆನೆಹಾಕುತ್ತಿರುತ್ತಾರೆ.